ಅಪ್‌ಡೇಟ್: ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡಿಗೆ ಕಟ್ಟಿದ ವೈರ್ ಆಂಟೆನಾದ ಎಸ್‌ಡಬ್ಲ್ಯುಆರ್ ಕೊನೆಗೂ ಇಳಿಯಿತು

ಹೋದ ವಾರ ಕೇಳಿದ್ದೆನಲ್ಲ, ಸೋಮವಾರಪೇಟೆ ಕಡೆಯ ತೋಟದಲ್ಲಿ ಕಟ್ಟಿದ 20 ಮೀಟರ್ ಉದ್ದದ, ಒಂದು ತುದಿಯಿಂದ ಸಿಗ್ನಲ್ ಕೊಡುವ ಎಂಡ್‌ಫೆಡ್ ವೈರು, 9:1 ಬಾಲನ್ (ಇಂಪೀಡೆನ್ಸ್, ಅಂದರೆ ಎಸಿ ಸಿಗ್ನಲ್‌ಗೆ ಒಡ್ಡುವ ತಡೆಯನ್ನು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್) ಹಾಕಿದರೂ ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನುವುದರ ಅಳತೆ; 1 ಅಂದರೆ ಏನೂ ವಾಪಸಿಲ್ಲ) 5ರ ಕೆಳಗೆ ಬರುತ್ತಿಲ್ಲ ಅಂತ. ಈಗ ಆ ಬ್ಯಾಂಡಿನ 7.1 ಮೆಗಾಹರ್ಟ್ಸ್‌ನಲ್ಲಿ 1.4 ಇದೆ.

ವೈರು ಕತ್ತರಿಸಿ ನೋಡಿ ಅಂದವರ ಮಾತು ಕೇಳಿ ಸುಮ್ನೆ ಅರ್ಧ ಮೀಟರ್ ಕಳೆದುಕೊಂಡೆ, ಆಮೇಲೆ ಬೆಸುಗೆ ಹಾಕಿ ಸೇರಿಸಿದೆ. ಕೆಲಸ ಮಾಡಿದ್ದು 9:1ರ ಬದಲು 49:1 ಬಾಲನ್ ಹಾಕಿ ಅನ್ನುವ ಸಲಹೆ. ಈ ಬ್ಯಾಂಡಿಗೆ 20 ಮೀಟರ್ ಅಂದರೆ ಅರ್ಧ ಅಲೆಯ ಉದ್ದ, ಅಂಥ ವೈರಿನ ತುದಿಯಲ್ಲಿ ಇಂಪೀಡೆನ್ಸ್ ಸುಮಾರು 2,500 ಓಮ್. 9:1 ಅದನ್ನು 270ರ ಆಸುಪಾಸಿಗೆ ಇಳಿಸುತ್ತದೆ ಅಷ್ಟೇ, ರೇಡಿಯೊಗೆ ಬೇಕಾದದ್ದು 50 ಅಲ್ವಾ? ಫೆರೈಟ್ ರಿಂಗಿಗೆ ರೇಡಿಯೊ ಕಡೆ 2 ಸುತ್ತು, ಆಂಟೆನಾ ಕಡೆ 14 ಸುತ್ತು (ಏಳು ಪಟ್ಟು, ಏಳೇಳಲೆ 49). ಒಂದು ಸಂಜೆಯ ಕೆಲಸ.

ಇನ್ನೊಂದು ತೊಂದರೆ: ಮಾತಾಡುವಾಗ ಮೈಕ್ ತಾಗಿದರೆ ತುಟಿ ಚುರುಗುಟ್ಟುತ್ತಿತ್ತು. ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೋಕ್ಸ್ ಕೇಬಲನ್ನು ಇನ್ನೊಂದು ರಿಂಗಿಗೆ ಸುತ್ತಿ 1:1 ಚೋಕ್ (ಕೇಬಲಿನ ಹೊರಮೈ ಮೇಲೆ ವಾಪಸ್ ಬರುವ ಸಿಗ್ನಲ್‌ಗೆ ತಡೆ) ಮಾಡಿದ ಮೇಲೆ ನಿಂತಿತು.

ನಾನು ಊಹಿಸದೇ ಇದ್ದದ್ದು ಮೆಣಸಿನ ಬಳ್ಳಿ! ವೈರಿನ ತುದಿಯನ್ನು ಆ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೇ ಕಟ್ಟಿದ್ದೆ. ಮಳೆ ಬಂದರೆ ಒದ್ದೆ ಎಲೆ ತಾಗಿ ರೀಡಿಂಗ್ ಜಾರುತ್ತಿತ್ತು. ತುದಿಯಲ್ಲೇ ವೋಲ್ಟೇಜ್ ಜಾಸ್ತಿ, ಹಾಗಾಗಿ ಅಲ್ಲಿ ಏನು ತಾಗಿದರೂ ಪರಿಣಾಮ ಹೆಚ್ಚು. ಎರಡು ಮೀಟರ್ ನೈಲಾನ್ ಹಗ್ಗ ಬಿಟ್ಟು ಕಟ್ಟಿದೆ. ನಿನ್ನೆ ಜಡಿಮಳೆಯಲ್ಲೂ ಮೀಟರಿನ ಮುಳ್ಳು ಅಲ್ಲಾಡಲಿಲ್ಲ.