ಸೀಲ್ ಹಿಕ್ಕೆ ನೋಡಿ ಗಂಡೋ ಹೆಣ್ಣೋ ಹೇಳಬಹುದಾ?

ಕುಶಾಲನಗರದವ:
ದುಬಾರೆ ಹತ್ತಿರ ಕಾವೇರಿ ಬಂಡೆ ಮೇಲೆ ನೀರುನಾಯಿ ಹಿಕ್ಕೆ ನೋಡಿದೆ, ಬರೀ ಮೀನಿನ ಮುಳ್ಳು. ಅದರ ಬಗ್ಗೆ ಓದುತ್ತಾ ಹೋದರೆ, ಕಡಲಿನ ಸೀಲ್‌ಗಳ ಹಿಕ್ಕೆಯಿಂದ ಡಿಎನ್‌ಎ ತೆಗೆದು ಗಂಡು ಹೆಣ್ಣು ಪತ್ತೆ ಮಾಡುತ್ತಾರಂತೆ. ತಿಂದ ಮೀನಿನ ಡಿಎನ್‌ಎ ಕೂಡ ಅದರಲ್ಲೇ ಇರುತ್ತಲ್ವಾ?

ಲ್ಯಾಬ್_ಅಕ್ಕ:
ಇರುತ್ತದೆ. ಆದರೆ ಕರುಳಿನ ಒಳಪದರದ ಜೀವಕೋಶಗಳೂ ಹಿಕ್ಕೆಯ ಜೊತೆ ಬರುತ್ತವೆ. ಸೀಲ್ ನಮ್ಮ ಹಾಗೇ ಸಸ್ತನಿ, ಹೆಣ್ಣಿಗೆ ಎಕ್ಸ್‌ಎಕ್ಸ್ ಕ್ರೋಮೋಸೋಮ್, ಗಂಡಿಗೆ ಎಕ್ಸ್‌ವೈ. 1990ರಲ್ಲಿ ಪತ್ತೆಯಾದ ಎಸ್‌ಆರ್‌ವೈ ಜೀನ್ ವೈ ಮೇಲೆ ಮಾತ್ರ ಇರುತ್ತದೆ, ಪಿಸಿಆರ್‌ನಲ್ಲಿ (ಬೇಕಾದ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಅದು ಕಂಡರೆ ಗಂಡು. ತಾಪತ್ರಯ ಇರೋದು ಕಾಣದಿದ್ದಾಗ. ಅದು ಹೆಣ್ಣಿನದೋ, ಬಿಸಿಲು ಮಳೆಗೆ ಡಿಎನ್‌ಎ ಹಾಳಾಗಿದೆಯೋ? ಅದಕ್ಕೇ ಎಕ್ಸ್ ಮೇಲಿನ ಝಡ್‌ಎಫ್‌ಎಕ್ಸ್ ಜೀನನ್ನೂ ಜೊತೆಗೆ ನೋಡುತ್ತಾರೆ, ಅದು ಇಬ್ಬರಲ್ಲೂ ಇರುತ್ತದೆ. ಅದೂ ಕಾಣದಿದ್ದರೆ ಸ್ಯಾಂಪಲ್ ಕೆಟ್ಟಿದೆ ಅಂತ, ಸುಮ್ನೆ ಹೆಣ್ಣು ಅಂತ ಬರೆದುಬಿಡುವ ಹಾಗಿಲ್ಲ.

ಕಾಫಿತೋಟ:
ನಾಗರಹೊಳೆ ಹುಲಿ ಹಿಕ್ಕೆಯಾದರೆ ಇನ್ನೂ ಫಜೀತಿ. ಹೆಣ್ಣು ಹುಲಿ ಗಂಡು ಕಡವೆ ತಿಂದಿದ್ದರೆ ಕಡವೆಯ ಎಸ್‌ಆರ್‌ವೈ ಸಿಕ್ಕಿ ಹುಲಿಯೇ ಗಂಡಾಗಿಬಿಡಬಹುದು, ಹಾಗಾಗಿ ಹುಲಿಯ ಡಿಎನ್‌ಎಗೆ ಮಾತ್ರ ಅಂಟುವ ಪ್ರೈಮರ್ (ಪಿಸಿಆರ್‌ಗೆ ಹಾಕುವ ಚಿಕ್ಕ ಡಿಎನ್‌ಎ ತುಣುಕು) ಬೇಕು. ಮೀನಿಗೆ ಎಸ್‌ಆರ್‌ವೈ ಇಲ್ಲವೇ ಇಲ್ಲ, ಸೀಲ್ ವಿಷಯದಲ್ಲಿ ಆ ಗೋಜು ಕಡಿಮೆ.

ಕುಶಾಲನಗರದವ:
ಹಾಗಾದರೆ ಮೀನು ತಿನ್ನುವ ನಮ್ಮ ನೀರುನಾಯಿಗೂ ಇದೇ ಲೆಕ್ಕ ಅಲ್ವಾ ಅಕ್ಕ?

ಲ್ಯಾಬ್_ಅಕ್ಕ:
ಹೌದು, ಆದರೆ ಹೊಸ ಹಿಕ್ಕೆ ಬೇಕು. ಜೂನ್ ಮಳೆ ಹಿಡಿದರೆ ಬಂಡೆ ಮೇಲೆ ಏನು ಉಳಿಯುತ್ತದೆ!