ಯೋಧರ ಸಮಾಧಿಯ ಬಳಿ ಗೌರವ ಸಲ್ಲಿಸುವ ಸೈನಿಕರಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ವಾಷಿಂಗ್ಟನ್ ನಗರದ ಎದುರಿಗೆ, ಪೊಟೋಮ್ಯಾಕ್ ನದಿಯ ಆಚೆ ದಡದಲ್ಲಿ ಆರ್ಲಿಂಗ್ಟನ್ ರಾಷ್ಟ್ರೀಯ ಸಮಾಧಿ ಸ್ಥಳವಿದೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಿಗಾಗಿ ಅದರ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಅಲ್ಲಿ ಅಂತಿಮ ಗೌರವ ಸಲ್ಲಿಸುವುದನ್ನೇ ನಿತ್ಯದ ಕರ್ತವ್ಯವಾಗಿ ನಡೆಸುವ ಸೈನಿಕರನ್ನು ಯಾವ ಹೆಸರಿನಿಂದ ಕರೆಯುವುದು ಎಂಬ ಪ್ರಶ್ನೆಯಲ್ಲಿ ಬಲ್ಲವರ ಸಲಹೆ ಬೇಕಾಗಿದೆ.

ಅವರು 1784ರಲ್ಲಿ ಸ್ಥಾಪನೆಯಾದ ಮೂರನೆಯ ಪದಾತಿ ರೆಜಿಮೆಂಟಿಗೆ ಸೇರಿದವರು. 'ಓಲ್ಡ್ ಗಾರ್ಡ್' ಎಂಬುದು ಆ ರೆಜಿಮೆಂಟಿನ ಅಂಕಿತನಾಮ. ಮೆಕ್ಸಿಕೊ ಯುದ್ಧದ ಕಾಲದಲ್ಲಿ, 1847ರಲ್ಲಿ, ಸೇನಾಪತಿ ವಿನ್‌ಫೀಲ್ಡ್ ಸ್ಕಾಟ್ ಕೊಟ್ಟದ್ದು. ಆದ್ದರಿಂದ ಅದನ್ನು ಕನ್ನಡಿಸದೆ ಹಾಗೆಯೇ ಉಳಿಸುವುದು ಸರಿ. ತೊಡಕಿರುವುದು ಅವರ ಕೆಲಸವನ್ನು ಹೇಳುವ ಸಾಮಾನ್ಯನಾಮದಲ್ಲಿ.

ಮೊದಲು ಹೊಳೆಯುವುದು 'ಗೌರವ ಸೈನಿಕರು'. ಆದರೆ ಕನ್ನಡದಲ್ಲಿ ಹುದ್ದೆಯ ಮುಂದೆ 'ಗೌರವ' ಸೇರಿದೊಡನೆ ಅರ್ಥವೇ ಬೇರೆಯಾಗುತ್ತದೆ. ಗೌರವ ಕಾರ್ಯದರ್ಶಿ ಎಂದರೆ ಸಂಬಳವಿಲ್ಲದೆ ದುಡಿಯುವವರು, ಗೌರವ ಡಾಕ್ಟರೇಟ್ ಎಂದರೆ ಪರೀಕ್ಷೆಯಿಲ್ಲದೆ ಸಂದದ್ದು. ಹಾಗಾಗಿ 'ಗೌರವ ಸೈನಿಕರು' ಎಂದು ಓದಿದವರಿಗೆ ಇವರು ಹೆಸರಿಗಷ್ಟೇ ಸೈನಿಕರು ಎಂಬ ಭಾವನೆ ಬರಬಹುದು; ಇವರಾದರೋ ಯುದ್ಧದ ತರಬೇತಿಯನ್ನೂ ಪಡೆದಿರುವ ಪೂರ್ಣ ಪ್ರಮಾಣದ ಕಾಲಾಳುಗಳು. ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ 'ಗೌರವ ರಕ್ಷೆ' ಇನ್ನೊಂದು ಆಯ್ಕೆ. ಆದರೆ ಅದನ್ನು ಮುಖ್ಯಮಂತ್ರಿಗಳೋ ರಾಜ್ಯಪಾಲರೋ 'ಸ್ವೀಕರಿಸುತ್ತಾರೆ'. ಸಾಲಾಗಿ ನಿಂತ ಪೊಲೀಸರ ಮುಂದೆ ಗಣ್ಯರು ನಡೆದು ಹೋಗುವ ಚಿತ್ರ ಆ ಮಾತಿಗೆ ಅಂಟಿಕೊಂಡುಬಿಟ್ಟಿದೆ. ಸ್ವೀಕರಿಸಲು ಯಾರೂ ಇಲ್ಲದ ಕಡೆ ಅದು ಸಲ್ಲದು ಎಂದು ನನ್ನ ಅನಿಸಿಕೆ.

ಅಜ್ಞಾತ ಯೋಧನ ಸಮಾಧಿಯ ಮುಂದೆ ನಿಲ್ಲುವವರ ವಿಚಾರವನ್ನು ಪ್ರತ್ಯೇಕವಾಗಿಯೇ ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದ, ಗುರುತು ಸಿಗದ ಒಬ್ಬ ಸೈನಿಕನನ್ನು 1921ರ ನವೆಂಬರ್ 11ರಂದು ಅಲ್ಲಿ ಹೂಳಲಾಯಿತು. ಬಂದ ಜನ ಅಮೃತಶಿಲೆಯ ಹಾಸಿನ ಮೇಲೆಯೇ ಬುತ್ತಿ ಬಿಚ್ಚಿ ಕೂರಲಾರಂಭಿಸಿದ್ದರಿಂದ 1925ರಲ್ಲಿ ಒಬ್ಬ ಸಾಮಾನ್ಯ ಕಾವಲುಗಾರನನ್ನು ನೇಮಿಸಬೇಕಾಯಿತು. ಮರುವರ್ಷ ಹಗಲಿನ ವೇಳೆಗೆ ಸೈನಿಕರು ಬಂದರು, 1937ರಿಂದ ಹಗಲಿರುಳೂ ನಿಲ್ಲತೊಡಗಿದರು, 1948ರಲ್ಲಿ ಆ ಹೊಣೆ ಓಲ್ಡ್ ಗಾರ್ಡಿಗೆ ಬಂತು. ಹೀಗೆ ಅದು ನಿಜವಾದ ಅರ್ಥದಲ್ಲಿ ಕಾವಲಾಗಿಯೇ ಆರಂಭವಾದದ್ದು. ಆದರೂ ಈಗಿನವರನ್ನು 'ಸಮಾಧಿ ಕಾವಲುಗಾರರು' ಎನ್ನಲು ಮನಸ್ಸು ಒಪ್ಪುವುದಿಲ್ಲ. ತೋಟಕ್ಕೂ ಗೋದಾಮಿಗೂ ಕಾವಲುಗಾರನಿರುತ್ತಾನೆ. ಅಲ್ಲಿ ಕಳ್ಳತನದ ಭಯವೇ ಮುಂದಾಗಿರುತ್ತದೆ.

ಇಲ್ಲಿ ನಡೆಯುವುದನ್ನು ನೋಡಿ. ಬಂದೂಕು ಜಾರದಂತೆ ಬಿಳಿಯ ಕೈಗವಸನ್ನು ನೀರಿನಲ್ಲಿ ನೆನೆಸಿ ತೊಟ್ಟ ಸೈನಿಕನು ಕಪ್ಪು ಹಾಸಿನ ಮೇಲೆ ಎಣಿಸಿದಂತೆ 21 ಹೆಜ್ಜೆ ನಡೆದು, 21 ಸೆಕೆಂಡು ಪೂರ್ವಕ್ಕೂ ಮತ್ತೆ 21 ಸೆಕೆಂಡು ಉತ್ತರಕ್ಕೂ ಮುಖಮಾಡಿ ನಿಂತು, ಬಂದೂಕನ್ನು ಸಮಾಧಿಯ ಕಡೆಗಲ್ಲದ ಹೆಗಲಿಗೆ, ಅಂದರೆ ಜನರಿರುವ ಕಡೆಯ ಹೆಗಲಿಗೆ, ಬದಲಾಯಿಸಿಕೊಂಡು ಹಿಂದಿರುಗುತ್ತಾನೆ. ತಿರುಗುವಾಗ ಹಿಮ್ಮಡಿಯ ಒಳಬದಿಯ ಲೋಹದ ಪಟ್ಟಿಗಳು ಒಂದಕ್ಕೊಂದು ತಾಗಿ ಟಕ್ ಎನ್ನುತ್ತವೆ. ಒಳಗೆ ಮಲಗಿರುವವನ ದರ್ಜೆ ಯಾವುದೆಂದು ತಿಳಿಯದ ಕಾರಣ, ಅವನಿಗಿಂತ ತಾನು ಮೇಲೆ ಎನ್ನುವಂತಾಗಬಾರದೆಂದು, ಹೆಜ್ಜೆಹಾಕುವ ಸೈನಿಕನು ತನ್ನ ದರ್ಜೆಯ ಗುರುತನ್ನು ತೊಡುವುದಿಲ್ಲ. ಇದಕ್ಕೆ 'ಪಹರೆ' ಹೊಂದುತ್ತದೆ. ಪಹರೆಯಲ್ಲಿ ಗಡಿಯಾರವಿದೆ, ಪಾಳಿಯಿದೆ, ನಡಿಗೆಯಿದೆ, ಸೇನೆಯ ಶಿಸ್ತೂ ಇದೆ. ಬೇಸಿಗೆಯಲ್ಲಿ ಅರ್ಧ ಗಂಟೆಗೊಮ್ಮೆ, ಚಳಿಗಾಲದಲ್ಲಿ ಗಂಟೆಗೊಮ್ಮೆ ಹಗಲಿನಲ್ಲಿ ನಡೆಯುವ ಬದಲಾವಣೆಯನ್ನು 'ಪಹರೆ ಬದಲಾವಣೆ' ಎಂದರೆ ಯಾರಿಗೂ ಗೊಂದಲವಾಗದು. 'ಸಮಾಧಿಯ ಪಹರೆಯವರು' ಎಂದೇ ಬರೆಯಬೇಕೆಂದಿದ್ದೇನೆ.

ಶವಸಂಸ್ಕಾರದಲ್ಲಿ ಭಾಗವಹಿಸುವವರಿಗೆ 'ಅಂತಿಮ ಗೌರವ ದಳ' ಎನ್ನಬಹುದೆಂದು ತೋರುತ್ತದೆ. 'ಅಂತಿಮ' ಮುಂದಿರುವುದರಿಂದ ಮೇಲೆ ಹೇಳಿದ ಗೊಂದಲ ಇಲ್ಲಿಲ್ಲ. ಆದರೆ ಅವರು ಸಿಡಿಸುವ ಗುಂಡಿನ ವಿಷಯದಲ್ಲಿ ಎಚ್ಚರ ಬೇಕು. ಏಳು ಮಂದಿ ಬಂದೂಕುಧಾರಿಗಳು ಒಟ್ಟಾಗಿ ಮೂರು ಸಲ ಗುಂಡು ಹಾರಿಸುತ್ತಾರೆ. ಏಳು ಮೂರಲ ಇಪ್ಪತ್ತೊಂದಾಗುವುದರಿಂದ ಅನೇಕರು ಅದನ್ನು '21 ಕುಶಾಲತೋಪು' ಎಂದು ಬರೆದುಬಿಡುತ್ತಾರೆ. 21 ಕುಶಾಲತೋಪು ಫಿರಂಗಿಯ ಮರ್ಯಾದೆ, ಮೈಸೂರು ದಸರೆಯಲ್ಲಿ ನಾವು ಕೇಳುವಂಥದ್ದು. ತೋಪು ಎಂದರೆ ಫಿರಂಗಿಯೇ ಹೊರತು ಬಂದೂಕಲ್ಲ. 'ಕುಶಾಲು' ಎಂಬುದಕ್ಕೆ ಕನ್ನಡದಲ್ಲಿ ಇರುವ ಅರ್ಥ ಸಂತೋಷ, ವಿನೋದ. ರೂಢಿ ಅದನ್ನು ಸಾವಿನ ಮನೆಗೂ ತಂದಿದೆಯಾದರೂ, 'ಮೂರು ಸುತ್ತು ಗುಂಡು ಹಾರಿಸಿ ಗೌರವ ಸಲ್ಲಿಸಿದರು' ಎಂಬ ಸಿದ್ಧ ಮಾತು ನಮ್ಮಲ್ಲಿರುವಾಗ ಕುಶಾಲತೋಪನ್ನು ಇಲ್ಲಿಗೆ ಎಳೆಯುವ ಅಗತ್ಯವಿಲ್ಲ. ಸಾವನ್ನು ಊರಿಗೆ ತಿಳಿಸಲು ಎರಡು ಗುಂಡು ಹಾರಿಸುವ ಪದ್ಧತಿ ಕೊಡವರಲ್ಲಿದೆ. ಅದು ಸುದ್ದಿ ಮುಟ್ಟಿಸುವ ಗುಂಡು, ಇದು ಬೀಳ್ಕೊಡುವ ಗುಂಡು. ಆದರೂ ಅಲ್ಲಿಯ ಬಳಕೆಯ ಮಾತು ನಮಗೆ ನೆರವಾಗಬಹುದು.

ಇನ್ನು ಕುದುರೆಗಳು. ಆರು ಕುದುರೆಗಳು ಎಳೆಯುವ ಹಳೆಯ ಮದ್ದುಗುಂಡಿನ ಬಂಡಿಯ ಮೇಲೆ ಶವಪೆಟ್ಟಿಗೆ ಸಾಗುತ್ತದೆ. ಹಿರಿಯ ಅಧಿಕಾರಿಗಳಾದರೆ ಅದರ ಹಿಂದೆ, ರಿಕಾಪುಗಳಲ್ಲಿ ಬೂಟುಗಳನ್ನು ಹಿಂದುಮುಂದಾಗಿ ಸಿಕ್ಕಿಸಿದ, ಸವಾರನಿಲ್ಲದ ಒಂದು ಕುದುರೆಯನ್ನು ನಡೆಸುತ್ತಾರೆ. 1963ರಲ್ಲಿ ಅಧ್ಯಕ್ಷ ಕೆನಡಿಯವರ ಅಂತಿಮ ಯಾತ್ರೆಯಲ್ಲಿ ನಡೆದ 'ಬ್ಲ್ಯಾಕ್ ಜಾಕ್' ಅಂಥ ಕುದುರೆ. ರಿಕಾಪಿಗೆ ಕನ್ನಡದಲ್ಲಿ 'ಅಂಕವಣೆ' ಎಂಬ ಹಳೆಯ ಪದವಿದೆ. ಅದು ನನಗೆ ತುಂಬ ಇಷ್ಟ. ಆದರೂ ಇಂದಿನ ಓದುಗರು ಅಲ್ಲಿ ಎಡವಬಾರದೆಂದು ರಿಕಾಪನ್ನೇ ಇಟ್ಟುಕೊಂಡಿದ್ದೇನೆ.

ಶವಪೆಟ್ಟಿಗೆಯನ್ನು ಹೊತ್ತು, ಅದರ ಮೇಲೆ ಹೊದಿಸಿದ್ದ ಧ್ವಜವನ್ನು ಹದಿಮೂರು ಮಡಿಕೆಗಳಲ್ಲಿ ತ್ರಿಕೋನವಾಗಿ ಮಡಚುವವರಿಗೆ ಮಾತ್ರ ಪದ ಸಿಕ್ಕಿಲ್ಲ. 'ಹೆಣ ಹೊರುವವರು' ಎನ್ನಲಾಗದು. 'ಶವವಾಹಕರು' ಎಂದರೆ ವಾಹನದ ನೆನಪಾಗುತ್ತದೆ. ನಮ್ಮ ಸೇನೆಯಲ್ಲಿ ಬಂದೂಕನ್ನು ತಲೆಕೆಳಗಾಗಿಸುವ ಆಜ್ಞೆಗೆ 'ಶೋಕ ಶಸ್ತ್ರ' ಎಂಬ ಚಿಕ್ಕ ಮಾತಿದೆ. ಅಷ್ಟೇ ಚಿಕ್ಕದಾದ, ಹೆಗಲು ಕೊಡುವ ಭಾವವನ್ನೂ ಉಳಿಸಿಕೊಂಡ ಪದವನ್ನು ಹುಡುಕುತ್ತಿದ್ದೇನೆ. ಸೇನೆಯಲ್ಲಿ ಕೆಲಸ ಮಾಡಿದ ಕನ್ನಡಿಗರು, ವಿಶೇಷವಾಗಿ ಕೊಡಗಿನವರು, ತಮ್ಮ ನಡುವೆ ಇವರನ್ನು ಏನೆಂದು ಕರೆಯುತ್ತಿದ್ದರು? 'ಹೆಗಲುದಳ' ಎಂದು ಹೊಸದಾಗಿ ಕಟ್ಟಿದರೆ ಕಿವಿಗೆ ಒಪ್ಪುವುದೇ?