ಅಪ್‌ಡೇಟ್: ಕೌಂಟರ್ ಬಿಟ್ಟು ವಾರ್ಡಿಗೆ ಬಂದೆ

ಬಿ.ಫಾರ್ಮ್ ಮುಗಿಸಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂತಿದ್ದೇನೆ, ಮುಂದೇನು ಮಾಡಲಿ ಅಂತ ಕೇಳಿದ್ದೆ, ನೆನಪಿದೆಯಾ? ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಎಂ.ಫಾರ್ಮ್ ಮಾಡಿ ಅಂದವರು ಜಾಸ್ತಿ. ನಾನು ಕೊನೆಗೆ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಸೇರಿದೆ. ಪಿಯುಸಿಯಿಂದ ನೇರ ಬಂದವರಿಗೆ ಅದು 6 ವರ್ಷ. ಬಿ.ಫಾರ್ಮ್ ಆದವರು ಸೀದಾ 4ನೇ ವರ್ಷಕ್ಕೆ ಸೇರಬಹುದು, 3 ವರ್ಷಕ್ಕೆ ಮುಗಿಯುತ್ತದೆ.

ಈಗ ಕೊನೆಯ ವರ್ಷ, ಇಂಟರ್ನ್‌ಶಿಪ್. 6 ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು.

ಮೊದಲ ವಾರ ರೌಂಡ್ಸ್‌ನಲ್ಲಿ ಸುಮ್ನೆ ಹಿಂದೆ ನಿಂತಿದ್ದೆ. ಆಮೇಲೊಂದು ದಿನ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಅಜ್ಜಿಯೊಬ್ಬರ ಕೇಸ್ ಶೀಟಿನಲ್ಲಿ ಮೆಟ್ರೊನಿಡಜೋಲ್ ಅನ್ನೋ ಆಂಟಿಬಯಾಟಿಕ್ ಕಂಡಿತು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಹೇಳಲೋ ಬೇಡವೋ ಅಂತ ಹತ್ತು ನಿಮಿಷ ಒದ್ದಾಡಿ, ಕೊನೆಗೆ ಪಿಜಿ ಡಾಕ್ಟರ್ ಹತ್ತಿರ ಮೆಲ್ಲಗೆ ಹೇಳಿದೆ. ಅವರು ಬೈಯಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆಗೆ ಬರೆದುಕೊಟ್ಟು ಔಷಧಿ ಬದಲಿಸಿದರು. ಕೌಂಟರಿನಲ್ಲಿ ಇದೇ ಚೀಟಿ ಬಂದಿದ್ದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಿದ್ದೆನೇನೋ!

ಸಂಬಳದ ವಿಷಯ ಕೇಳಬೇಡಿ. ವಾರ್ಡಿನಲ್ಲಿ ರೋಗಿಗಳ ಔಷಧಿ ಪರಿಶೀಲಿಸುವ ಕ್ಲಿನಿಕಲ್ ಫಾರ್ಮಸಿಸ್ಟ್ ಹುದ್ದೆ ಇರುವುದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲೇ. ನಮ್ಮ ಬ್ಯಾಚಿನಲ್ಲಿ ಹಲವರು ಔಷಧಿಯ ಅಡ್ಡಪರಿಣಾಮ ಗಮನಿಸುವ ಫಾರ್ಮಕೊವಿಜಿಲೆನ್ಸ್ ಕಂಪನಿಗಳ ಕಡೆ ನೋಡುತ್ತಿದ್ದಾರೆ. ನನಗೆ ವಾರ್ಡೇ ಇಷ್ಟ.

ಸೋಮವಾರದಿಂದ ಮಕ್ಕಳ ವಿಭಾಗ. ಅಲ್ಲಿ ಡೋಸ್ ಬಹುಪಾಲು ತೂಕದ ಲೆಕ್ಕ. ಕ್ಯಾಲ್ಕುಲೇಟರ್ ಈಗಲೇ ಕೋಟಿನ ಜೇಬಿಗೆ ಹಾಕಿಟ್ಟಿದ್ದೇನೆ.